ಮಲಗುವ ದಿನ

ಗೆರೆ ದಾಟಿದ ಮೇಲೂ ವಾಣಿಶ್ರೀಯ ಕಾಲು ನಿಲ್ಲಲಿಲ್ಲ. ತಡವರಿಸಿಕೊಂಡು ಮೈದಾನದ ಬೇಲಿಯವರೆಗೂ ಹೋಗಿ, ಕಲ್ಲುಕಂಬ ಹಿಡಿದು ಬಗ್ಗಿದಳು. ಬೆಳಿಗ್ಗೆ ಕುಡಿದಿದ್ದ ನೀರು ಹಾಗೆಯೇ ಹೊರಗೆ ಬಂತು. ಅವಳಿಗಿಂತ ಮೊದಲೇ ಮುಗಿಸಿದ್ದ ಗೆಳತಿ ಜಿಕ್ರಾ ಓಡಿಬಂದು ಬೆನ್ನು ನೀವಿದಳು. ನಟರಾಜು ಸಾರ್ ಕೈಯಲ್ಲಿದ್ದ ಸ್ಟಾಪ್‌ವಾಚನ್ನು ಒಮ್ಮೆ ನೋಡಿ ಜೇಬಿಗೆ ಹಾಕಿಕೊಂಡರು. ಟೈಮು ಎಷ್ಟೆಂದು ಕೂಗಿ ಹೇಳಲಿಲ್ಲ. ಅವರು ಕೂಗದಿದ್ದರೆ ಹೋದ ವಾರಕ್ಕಿಂತ ಕೆಟ್ಟಿದೆ ಎಂದೇ ಅರ್ಥ.

ಸೆಂಟ್ರಲ್ ಫೋರ್ಸಿನ ಕಾನ್‌ಸ್ಟೇಬಲ್ ಕೆಲಸಕ್ಕೆ ಬರೆದಿದ್ದ ಪರೀಕ್ಷೆಯಲ್ಲಿ ವಾಣಿಶ್ರೀ ಪಾಸಾಗಿದ್ದಳು. ಉಳಿದಿದ್ದು ಓಟ. ಹುಡುಗಿಯರು ಒಂದು ಮೈಲಿಯನ್ನು ಎಂಟೂವರೆ ನಿಮಿಷದೊಳಗೆ ಮುಗಿಸಬೇಕು. ಹಿಂದೊಮ್ಮೆ ಇದೇ ಹಂತಕ್ಕೆ ಬಂದು, ಇನ್ನೇನು ಗೆರೆ ಕಣ್ಣಿಗೆ ಕಾಣುತ್ತಿದ್ದಾಗ ಶೀಟಿ ಕೇಳಿಸಿ ಹೊರಗೆ ಬಿದ್ದಿದ್ದಳು. ಈ ಸಲ ಬಿಟ್ಟರೆ ವಯಸ್ಸು ಮೀರುತ್ತದೆ. ಯುಗಾದಿ ಕಳೆದ ಮೇಲಿಂದ ಊರಿನ ಮೊದಲ ಬಸ್ಸು ಹಿಡಿದು ಹುಣಸೂರಿಗೆ ಬಂದು ಓಡುತ್ತಿದ್ದಳು. ಬೇಸಿಗೆಯೆಲ್ಲ ಅವಳ ಟೈಮು ಇಳಿಯುತ್ತ ಬಂತು. ಮಳೆ ಹಿಡಿದು ಹೊಗೆಸೊಪ್ಪು ಮುರಿಯುವ ಕೆಲಸ ಶುರುವಾದದ್ದೇ ತಡ, ನಿಂತಲ್ಲೇ ನಿಂತಿತು. ಈಗ ಹಿಂದಕ್ಕೆ ಹೋಗುತ್ತಿತ್ತು.

ನಟರಾಜು ಸಾರ್ ಮಿಲಿಟರಿಯಲ್ಲಿ ಹವಾಲ್ದಾರರಾಗಿದ್ದು ನಿವೃತ್ತರಾಗಿ ಬಂದವರು. ಸುತ್ತಲ ಹಳ್ಳಿಯ ಹುಡುಗ ಹುಡುಗಿಯರನ್ನು ಒಟ್ಟುಮಾಡಿ ಬೆಳಗಿನ ಹೊತ್ತು ಓಡಿಸುವುದನ್ನು ಒಂದು ವ್ರತದ ಹಾಗೆ ಹಿಡಿದಿದ್ದರು. ಉಳಿದವರೆಲ್ಲ ಹೋದ ಮೇಲೆ ಅವಳನ್ನು ಬೇವಿನ ಮರದ ಕೆಳಗೆ ಕೂರಿಸಿದರು.

"ನಿನ್ನೆ ಏನ್ ಮಾಡ್ದೆ?"

"ನೀವ್ ಹೇಳ್ದಂಗೇ ಸಾರ್. ರೆಸ್ಟು. ಓಡ್ಲಿಲ್ಲ."

"ಓಡ್ಲಿಲ್ಲ ಸರಿ. ಏನ್ ಮಾಡ್ದೆ ಅಂತ ಕೇಳ್ದೆ ನಾನು."

ವಾಣಿಶ್ರೀ ಕೈಗಳನ್ನು ಚೂಡಿದಾರದ ಮಡಿಕೆಯೊಳಗೆ ಸರಿಸಿದಳು. ಎಷ್ಟು ತಿಕ್ಕಿದರೂ ಹೋಗದ ಹಸಿಸೊಪ್ಪಿನ ಅಂಟು ಉಗುರಿನ ಸಂದಿಯಲ್ಲಿ, ಬೆರಳಿನ ಗೆರೆಗಳಲ್ಲಿ ಕರ‍್ರಗೆ ಕೂತಿತ್ತು.

"ಬ್ಯಾರನ್ ತುಂಬ್ದೋ ಸಾರ್."

"ಯಾರು ಮೇಲೆ ಹತ್ತಿದ್ದು?"

"ನಾನೇ."

ಬ್ಯಾರನ್ ತುಂಬುವುದು ಎಂದರೆ ಏನೆಂದು ಸಾರ್‌ಗೆ ಬಿಡಿಸಿ ಹೇಳಬೇಕಿರಲಿಲ್ಲ. ಆ ಸೀಮೆಯಲ್ಲಿ ಹುಟ್ಟಿದವರಿಗೆಲ್ಲ ಗೊತ್ತು. ಹೊಲದಲ್ಲಿ ಮುರಿದ ಹಸಿ ಎಲೆಗಳನ್ನು ಹೆಂಗಸರು ಚಪ್ಪರದ ಕೆಳಗೆ ಕೂತು ಕಡ್ಡಿಗೆ ಕಟ್ಟಬೇಕು. ಆ ಕಡ್ಡಿಗಳನ್ನು ಬ್ಯಾರನ್ ಎನ್ನುವ, ಕಾವು ಕೊಟ್ಟು ಸೊಪ್ಪು ಬೇಯಿಸುವ ಎತ್ತರದ ಕೋಣೆಯ ಒಳಗೆ, ಸೂರಿನ ತನಕ ಅಡ್ಡಡ್ಡ ಕಟ್ಟಿರುವ ಗಳಗಳ ಮೇಲೆ ಸಾಲಾಗಿ ನೇತುಹಾಕಬೇಕು. ಅದಕ್ಕೆ ಒಬ್ಬರು ಎರಡು ಗಳಗಳ ಮೇಲೆ ಕಾಲು ಕಿಸಿದು ನಿಂತು, ಕೆಳಗಿನವರು ಎತ್ತಿಕೊಟ್ಟ ಭಾರದ ಕಡ್ಡಿಯನ್ನು ಬಗ್ಗಿ ಇಸಿದುಕೊಂಡು ತಲೆಯ ಮೇಲಕ್ಕೆ ಏರಿಸುತ್ತಿರಬೇಕು. ಬೆಳಿಗ್ಗೆ ಹತ್ತಿದರೆ ಸಂಜೆ ಇಳಿಯುವುದು. ಮೈ ಹಗುರವಾಗಿರುವ, ಕಾಲು ಗಟ್ಟಿಯಿರುವ ವಾಣಿಶ್ರೀ ಹೈಸ್ಕೂಲಿನಲ್ಲಿದ್ದಾಗಿನಿಂದ ಆ ಕೆಲಸ ಅವಳದ್ದೇ.

"ನೋಡವ್ವ, ಓಡುವಾಗ ಮೈ ಗಟ್ಟಿ ಆಗಲ್ಲ. ಓಡುವಾಗ ಮೈ ಒಡೀತದೆ. ಗಟ್ಟಿ ಆಗೋದು ಆಮೇಲೆ, ಸುಮ್ನೆ ಮಲಗಿದ್ದಾಗ. ನೀನು ಒಡೀತಾನೇ ಇದೀಯ, ಕೂಡ್ಕೊಳ್ಳೋಕೆ ಬಿಡ್ತಾ ಇಲ್ಲ. ಒಂದು ವಾರ ಮೈದಾನಕ್ಕೂ ಬರ‍್ಬೇಡ, ಬ್ಯಾರನ್ನಿಗೂ ಹತ್ಬೇಡ."

"ಸೊಪ್ಪಿನ ತಿಂಗ್ಳಲ್ಲಾ ಸಾರ್?" ಎಂದು ಅವಳು ನಕ್ಕಳು. ಸಾರ್ ನಗಲಿಲ್ಲ.

ಆ ಮಾತನ್ನು ಅವಳು ಮನೆಯಲ್ಲಿ ಹೇಳಲಿಲ್ಲ. ಹೇಳುವುದಾದರೂ ಹೇಗೆ? ಹೊಲದಲ್ಲಿ ಎಲೆ ಹಣ್ಣಾಗಿ ನಿಂತಿರುವಾಗ ಜ್ವರ ಬಂದವರೂ ಚಪ್ಪರದ ಕೆಳಗೆ ಕೂತು ಕಡ್ಡಿ ಕಟ್ಟುತ್ತಾರೆ. ಆಳು ಕರೆಯೋಣವೆಂದರೆ ಆಳುಗಳ ಹೊಲದಲ್ಲೂ ಸೊಪ್ಪಿರುತ್ತದೆ. ಅಪ್ಪ ಚಲುವಯ್ಯ ಬ್ಯಾರನ್ನಿನ ಒಲೆಯ ಮುಂದೆ ಸೌದೆ ಒಟ್ಟಿಕೊಂಡು ಕೂತರೆ ಸೊಪ್ಪು ಬೇಯುವ ತನಕ ಅತ್ತಿತ್ತ ಕದಲುವ ಹಾಗಿಲ್ಲ. ಅಂಥ ಮನೆಯಲ್ಲಿ, ನಾನು ಒಂದು ವಾರ ಸುಮ್ಮನೆ ಮಲಗುತ್ತೇನೆ ಎನ್ನುವ ಮಾತು ಬಾಯಿಗೆ ಬರುವಂಥದ್ದಲ್ಲ.

ಜೊತೆಗೆ, ಸಾರ್ ಹೇಳಿದ್ದನ್ನು ಅವಳು ಪೂರಾ ನಂಬಿಯೂ ಇರಲಿಲ್ಲ. ಗೆದ್ದರೆ ಗೇಯ್ದದ್ದರಿಂದ ಗೆದ್ದೆ, ಸೋತರೆ ಗೇಯ್ದದ್ದು ಸಾಲದೆ ಸೋತೆ ಎನ್ನುವುದೊಂದೇ ಅವಳು ಹುಟ್ಟಿದಲ್ಲಿಂದ ನೋಡಿದ್ದ ಲೆಕ್ಕ. ಆದ್ದರಿಂದ ಸಂಜೆಯ ಹೊತ್ತೂ ನಾಲೆಯ ಏರಿಯ ಮೇಲೆ ಓಡತೊಡಗಿದಳು. ಮೊಣಕಾಲಿನ ಕೆಳಗೆ, ಮುಂದಿನ ಎಲುಬಿನಲ್ಲಿ ಒಂದು ನೋವು ಶುರುವಾಯಿತು. ಬೆರಳಿಟ್ಟರೆ ಹಲ್ಲು ಕಚ್ಚುವಂಥ ನೋವು. ಅದರ ಮೇಲೆ ಬಟ್ಟೆ ಬಿಗಿದು ಓಡಿದಳು. ಜೊತೆಯಲ್ಲಿ ಓಡಲು ಶುರುಮಾಡಿದ್ದ ಜಿಕ್ರಾ, ಮೊದಲೆಲ್ಲ ಅವಳ ಬೆನ್ನನ್ನೇ ನೋಡಿಕೊಂಡು ಓಡುತ್ತಿದ್ದವಳು, ಈಗ ಕಡೆಯ ಸುತ್ತಿನಲ್ಲಿ ಪಕ್ಕದಲ್ಲೇ ದಾಟಿ ಹೋಗುತ್ತಿದ್ದಳು. ಜಿಕ್ರಾಳ ತಂದೆ ಇಸಾಕ್ ಸಾಬರದ್ದು ಹುಣಸೂರಿನಲ್ಲಿ ಮರದ ಸಾಮಾನಿನ ಅಂಗಡಿ. "ನೀನು ರಜಾ ದಿನ ಏನ್ಮಾಡ್ತೀಯ?" ಎಂದು ಒಮ್ಮೆ ಕೇಳಿದಾಗ ಜಿಕ್ರಾ, "ಸುಮ್ನೆ ಬಿದ್ಕೊಂಡಿರ್ತೀನಿ. ಅಮ್ಮಿ ಬೈತಾ ಇರ್ತಾರೆ, ನಾನು ಕೇಳ್ತಾ ಇರ್ತೀನಿ" ಎಂದಿದ್ದಳು.

ನಟರಾಜು ಸಾರ್ ಒಂದು ಭಾನುವಾರ ಹೇಳದೆ ಕೇಳದೆ ಬೈಕಿನಲ್ಲಿ ಮನೆಗೇ ಬಂದರು. ಚಲುವಯ್ಯ ಒಲೆಯ ಬಾಯಿ ಮುಚ್ಚಿ, ಟವೆಲ್ಲಿನಿಂದ ಮುಖ ಒರೆಸಿಕೊಳ್ಳುತ್ತ ಬಂದು ಜಗಲಿಯ ಮೇಲೆ ಚಾಪೆ ಹಾಸಿದ. ಚಪ್ಪರದ ಕೆಳಗಿದ್ದ ಹೆಂಗಸರೆಲ್ಲ ಎಲೆ ಕಟ್ಟುತ್ತಲೇ ಕಿವಿಯನ್ನು ಇತ್ತ ತಿರುಗಿಸಿದರು.

"ನಿಮ್ ಮಗಳು ಓಡ್ತಾಳೆ ಚಲುವಯ್ಯ, ಚೆನ್ನಾಗಿ ಓಡ್ತಾಳೆ. ಈಗ ಹಿಂದಕ್ಕೆ ಬೀಳ್ತಾ ಇರೋದು ಸೋಮಾರಿತನದಿಂದಲ್ಲ. ಹೆಚ್ಚಾಗಿ ಗೇಯ್ದು. ಹಿಂಗೇ ಬಿಟ್ರೆ ಕಾಲಿನ ಎಲುಬು ಬಿರುಕು ಬಿಡ್ತದೆ. ಆಮೇಲೆ ಓಟನೂ ಇಲ್ಲ, ಬ್ಯಾರನ್ನೂ ಇಲ್ಲ."

ಚಲುವಯ್ಯ ತಲೆ ಕೆರೆದುಕೊಂಡ. "ನೀವೇಳೋದು ಸರಿ ಸಾ. ಈ ತಿಂಗ್ಳಲ್ಲಿ ನಮ್ ಕಡೆ ಎತ್ತೂ ಮನಿಕ್ಕಳಕಿಲ್ಲ. ಏನ್ಮಾಡಾನ?"

ಒಳಗಿನಿಂದ ಕಾಫಿ ಲೋಟ ಹಿಡಿದು ಬಂದ ವಾಣಿಶ್ರೀಯ ಅವ್ವ ದೊಡ್ಡತಾಯಮ್ಮ ಬಾಗಿಲ ಪಕ್ಕ ನಿಂತುಕೊಂಡಳು. ಗಂಡಸರ ಮಾತಿನ ನಡುವೆ ಅವಳು ಬಾಯಿ ಹಾಕುವವಳಲ್ಲ. ಅವತ್ತು ಹಾಕಿದಳು. ಡಾಕ್ಟರ ಹತ್ತಿರ ಮಾತ್ರೆಯ ವಿಚಾರ ಕೇಳುವ ಹಾಗೆ ಕೇಳಿದಳು.

"ಎಂಗೆ ಮನೀಕಬೇಕು ಸಾ ಅವ್ಳು? ದಿನಾಲೂವಾ, ಇಲ್ಲ ದಿನ ಬುಟ್ಟು ದಿನವಾ?"

"ಮೊದಲ ವಾರ ಪೂರ್ತಿ. ಆಮೇಲೆ ದಿನ ಬಿಟ್ಟು ದಿನ ಸಾಕು. ಓಡಿದ ದಿನವೂ ಭಾರ ಎತ್ತೋದು, ಹತ್ತೋದು ಬೇಡ. ಮೊಟ್ಟೆ, ಕಾಳು ಚೆನ್ನಾಗಿ ತಿನ್ಲಿ."

"ಆಯ್ತು ಬುಡಿ. ಅವ್ಳ ಕ್ಯಾಮೆ ನಾ ನೋಡ್ಕತೀನಿ."

"ನೀನು ಗಳ ಹತ್ತೀಯಾ?" ಎಂದ ಚಲುವಯ್ಯ.

"ಅವ್ಳು ಉಟ್ಟಕೂ ಮುಂಚೆ ಯಾರು ಅತ್ತುತಿದ್ದೋರು? ನಿಮ್ಮವ್ವನಾ?"

ಚಪ್ಪರದ ಕೆಳಗಿನ ಹೆಂಗಸರು ನಕ್ಕರು. ನಟರಾಜು ಸಾರ್‌ಗೂ ನಗು ಬಂತು. ಕಾಫಿ ಕುಡಿದು, ಲೋಟ ಕೆಳಗಿಟ್ಟು, ಬಂದ ಕೆಲಸ ಆಯಿತು ಎನ್ನುವ ನೆಮ್ಮದಿಯಲ್ಲಿ ಬೈಕು ಹತ್ತಿ ಹೋದರು. ಆ ದಿನ ಅಲ್ಲಿದ್ದ ಯಾರಿಗೂ, ಹಾಗಾದರೆ ದೊಡ್ಡತಾಯಮ್ಮ ಮಲಗುವುದು ಯಾವಾಗ ಎನ್ನುವ ಇನ್ನೊಂದು ಪ್ರಶ್ನೆ ಹೊಳೆಯಲಿಲ್ಲ. ವಾಣಿಶ್ರೀಗೂ ಹೊಳೆಯಲಿಲ್ಲ.

ಮೊದಲ ದಿನ ಅವಳಿಗೆ ಮಲಗಲಿಕ್ಕೇ ಬರಲಿಲ್ಲ. ಅವ್ವ ನಡುಮನೆಯಲ್ಲಿ ಚಾಪೆಯ ಮೇಲೆ ಎರಡು ಕಂಬಳಿ ಹಾಸಿ, ಕಿಟಕಿಗೆ ಹಳೆಯ ಸೀರೆ ಇಳಿಬಿಟ್ಟು ಹೋಗಿದ್ದಳು. ಹೊರಗೆ ಎಲೆ ಕಟ್ಟುವ ದಾರದ ಸರಸರ ಸದ್ದು, ಹೆಂಗಸರ ಮಾತು ಎಲ್ಲವೂ ಗೋಡೆ ದಾಟಿ ಬರುತ್ತಿದ್ದವು. ಮಗ್ಗುಲು ಬದಲಿಸಿದಳು. ತಪ್ಪು ಮಾಡಿ ಅಡಗಿ ಕೂತವಳ ಹಾಗೆ ಹೊರಗಿನ ಒಂದೊಂದು ಮಾತಿಗೂ ಕಿವಿಗೊಟ್ಟಳು. ಪಕ್ಕದ ಮನೆಯ ಪುಟ್ಟಮಾದಮ್ಮನ ಗಂಟಲು ಎಲ್ಲರಿಗಿಂತ ದೊಡ್ಡದು.

"ಏನಕ್ಕ, ನಿನ್ ಮಗ್ಳು ಬಾಣ್ತಿಯಂಗೆ ಒಳಗೇ ಮನಗವ್ಳೆ?"

"ಊಂ ಕಣೆ. ಬಾಣ್ತಿಗೆ ಮಾಡ್ದಂಗೇ ಮಾಡ್ತೀನಿ. ಸಾ ಏಳವ್ರೆ. ಮನೀಕೊಂಡ್ರೇ ಓಡಾದಂತೆ."

"ಅಂಗಾದ್ರೆ ನಮ್ಮನೆ ಗಂಡಸು ಇಷ್ಟೊತ್ಗೆ ಡೆಲ್ಲಿ ಮುಟ್ಬೇಕಿತ್ತು ಬುಡು."

ನಗು ಎದ್ದಿತು. ವಾಣಿಶ್ರೀಗೂ ನಗು ಬಂತು. ನಗುತ್ತ ನಗುತ್ತಲೇ ಯಾವಾಗಲೋ ಕಣ್ಣು ಮುಚ್ಚಿತು. ಎದ್ದಾಗ ದೀಪ ಹಚ್ಚುವ ಹೊತ್ತು. ಅವ್ವ ತಲೆಯ ಹತ್ತಿರ ಕೂತು, ಬೇಯಿಸಿದ ಮೊಟ್ಟೆಯ ಸಿಪ್ಪೆ ಸುಲಿಯುತ್ತಿದ್ದಳು. ಆ ಕೈಗಳಿಂದ ಹಸಿಸೊಪ್ಪಿನ ಘಾಟು ಹೊಡೆಯುತ್ತಿತ್ತು.

"ಅವ್ವ, ನಾಳಿಕ್ಕೆ ನಾನೂ ವಸಿ ಕೈ ಹಾಕ್ತೀನಿ."

"ಸುಮ್ಕೆ ತಿನ್ನು. ಇನ್ನಾರ್ ದಿನ ಅವೆ ನಿಂಗೆ."

ಅವತ್ತಿನಿಂದ ದೊಡ್ಡತಾಯಮ್ಮನಿಗೆ ಒಂದು ಹೊಸ ಪಂಚಾಂಗ ಶುರುವಾಯಿತು. ಓಡೋ ದಿನ, ಮನೀಕೊ ದಿನ. ಅಮಾವಾಸ್ಯೆ ಹುಣ್ಣಿಮೆಯ ಹಾಗೆ ಅದನ್ನು ತಪ್ಪದೆ ನೆನಪಿಟ್ಟುಕೊಂಡಿದ್ದಳು. ಮನೀಕೊ ದಿನ ಮಗಳು ಪೊರಕೆ ಮುಟ್ಟಿದರೂ ಗದರುತ್ತಿದ್ದಳು. ಬಾಗಿಲಿಗೆ ಯಾರಾದರೂ ಬಂದು ಗಟ್ಟಿಯಾಗಿ ಮಾತನಾಡಿದರೆ, "ಮೆಲ್ಲಕ್ಕೆ ಕಣ್ರಪ್ಪ, ಕೂಸು ಮನಗದೆ" ಎನ್ನುತ್ತಿದ್ದಳು. ಹೀಗೆ ಹಗಲು ಹೊತ್ತಿನಲ್ಲಿ ಮಗಳು ಮಲಗಿರುವುದನ್ನು ಒಂದು ಹೆಮ್ಮೆಯ ವಿಚಾರವೆಂಬಂತೆ ಊರಿಗೆಲ್ಲ ಸಾರಿದಳು.

ಎರಡನೆಯ ವಾರಕ್ಕೆ ಕಾಲಿನ ನೋವು ಸಡಿಲಾಯಿತು. ಮೈದಾನಕ್ಕೆ ಹೋದ ಮೊದಲ ದಿನ ವಾಣಿಶ್ರೀಗೆ ತನ್ನ ಕಾಲುಗಳನ್ನು ಯಾರೋ ಬಿಚ್ಚಿ, ತೊಳೆದು, ಮತ್ತೆ ಜೋಡಿಸಿದ ಹಾಗೆನಿಸಿತು. ಮೂರನೆಯ ಸುತ್ತಿನಲ್ಲಿ ಯಾವಾಗಲೂ ಕೈಕೊಡುತ್ತಿದ್ದ ಉಸಿರು ಕೈಕೊಡಲಿಲ್ಲ. ಸಾರ್ ಟೈಮು ಕೂಗಿ ಹೇಳಿದರು. ಮತ್ತೊಂದು ವಾರಕ್ಕೆ ಅದು ಇನ್ನೂ ಇಳಿಯಿತು. ಆಮೇಲೊಂದು ಬೆಳಿಗ್ಗೆ, ತುಂತುರು ಮಳೆಯಲ್ಲಿ, ಜಿಕ್ರಾಳನ್ನು ಕಡೆಯ ತಿರುವಿನಲ್ಲಿ ಹಿಂದೆ ಹಾಕಿ ಗೆರೆ ದಾಟಿದಾಗ ನಟರಾಜು ಸಾರ್ ಸ್ಟಾಪ್‌ವಾಚನ್ನು ಅವಳ ಮುಖದ ಮುಂದೆಯೇ ಹಿಡಿದರು. ಎಂಟೂವರೆ ನಿಮಿಷ ಆಗಲು ಇನ್ನೂ ಸಮಯವಿತ್ತು. ಎರಡು ವರ್ಷದಿಂದ ಆಗದ್ದು ಮಲಗಿದ್ದರಿಂದ ಆಗಿತ್ತು.

ಬಸ್ಸಿಳಿದವಳೇ ಓಡುತ್ತ ಮನೆಗೆ ಬಂದಳು. ಚಪ್ಪರದ ಕೆಳಗೆ ಅವ್ವ ಇರಲಿಲ್ಲ. ಬ್ಯಾರನ್ನಿನ ಬಾಗಿಲಲ್ಲಿ ನಿಂತು ಮೇಲೆ ನೋಡಿದಳು. ಕತ್ತಲಲ್ಲಿ ಮೊದಲು ಕಂಡಿದ್ದು ಎರಡು ಪಾದ. ಬಿರುಕುಬಿಟ್ಟ ಹಿಮ್ಮಡಿ ಗಳದ ಮೇಲೆ ಒತ್ತಿ ನಿಂತಿತ್ತು. ಮೀನಖಂಡ ನಡುಗುತ್ತಿತ್ತು.

"ಅವ್ವ, ಆಯ್ತು ಕಣವ್ವ. ಟೈಮೊಳಗೆ ಬಂದೆ."

ಮೇಲಿನಿಂದ "ಮಾದಪ್ಪ ಕಣ್ಬುಟ್ಟ" ಎನ್ನುವ ಮಾತು, ಅದರ ಹಿಂದೆಯೇ ಉಸಿರೆಳೆದುಕೊಳ್ಳುವ ಸದ್ದು. ವಾಣಿಶ್ರೀ ಕೆಳಗೆ ಒರಗಿಸಿದ್ದ ಕಡ್ಡಿಯೊಂದನ್ನು ಎತ್ತಿಕೊಡಲು ಕೈಹಾಕಿದಳು.

"ಬುಡು ಅದ. ಓಡ್ಬುಟ್ಟು ಬಂದಿದೀಯ. ಓಗು, ಉಣ್ಣೋಗು."

ಅವಳು ಬಿಟ್ಟಳು. ಹೋಗಿ ಉಂಡಳು.

ಆಮೇಲಿನ ದಿನಗಳಲ್ಲಿ ವಾಣಿಶ್ರೀ ಏನನ್ನೂ ನೋಡಲಿಲ್ಲ ಎಂದೇನಲ್ಲ. ಮಳೆಯಲ್ಲಿ ನೆನೆದ ಸೊಪ್ಪು ಮುರಿದು ಬಂದ ಬೆಳಿಗ್ಗೆ ಅವ್ವ ಬ್ಯಾರನ್ನಿನ ಹಿಂದೆ ಗೋಡೆ ಹಿಡಿದು ವಾಂತಿ ಮಾಡುತ್ತಿದ್ದುದನ್ನು ನೋಡಿದಳು. ಕೇಳಿದರೆ, "ಸೊಪ್ಪಿನ ಘಾಟು ಕಣವ್ವ. ಎಲ್ಲಾರ‍್ಗೂ ಆಯ್ತದೆ" ಎಂದಳು. ಎಲ್ಲರಿಗೂ ಆಗುವುದು ನಿಜವೇ. ಊಟಕ್ಕೆ ಕೂತ ಅವ್ವ ತುತ್ತು ಕೈಯಲ್ಲಿ ಹಿಡಿದುಕೊಂಡೇ ತೂಕಡಿಸಿದ್ದನ್ನು ನೋಡಿದಳು. ತಲೆ ಸುತ್ತುತ್ತದೆಂದು ಹಣೆಗೆ ಸುಣ್ಣ ಹಚ್ಚಿಕೊಂಡಿದ್ದನ್ನು ನೋಡಿದಳು. ಪ್ರತಿ ಸಲವೂ, ಓಟ ಒಂದು ಮುಗಿದುಹೋಗಲಿ, ಆಮೇಲೆ ಅವ್ವನಿಗೆ ಒಂದು ಕಡ್ಡಿಯನ್ನೂ ಎತ್ತಲು ಬಿಡುವುದಿಲ್ಲ ಎಂದುಕೊಂಡಳು. ಹಾಗೆ ಅಂದುಕೊಂಡು ನಡುಮನೆಗೆ ಹೋಗಿ ಮಲಗಿದಳು. ನಿದ್ದೆ ಈಗ ಕರೆದ ಕೂಡಲೇ ಬರುತ್ತಿತ್ತು.

ಓಟ ಬೆಂಗಳೂರಿನಾಚೆಯ ಒಂದು ಕ್ಯಾಂಪಿನಲ್ಲಿ, ಬೆಳಗಿನ ಜಾವಕ್ಕೆ. ಜಿಕ್ರಾಳಿಗೂ ಅದೇ ದಿನ ಬಂದಿತ್ತು. ಇಸಾಕ್ ಸಾಬರು ಇಬ್ಬರನ್ನೂ ಹಿಂದಿನ ದಿನವೇ ಕರೆದುಕೊಂಡು ಹೋಗಿ ಅಲ್ಲಿ ತಮ್ಮ ತಂಗಿಯ ಮನೆಯಲ್ಲಿ ಉಳಿಸಿಕೊಳ್ಳುವುದೆಂದು ಮಾತಾಗಿತ್ತು. ಹೊರಡುವ ಬೆಳಿಗ್ಗೆ ಚಲುವಯ್ಯ ಆಗಲೇ ಒಲೆಯ ಮುಂದಿದ್ದ. ವಾಣಿಶ್ರೀ ಬ್ಯಾಗು ಹೆಗಲಿಗೆ ಹಾಕಿಕೊಂಡು ಅಡಿಗೆಮನೆಯ ಬಾಗಿಲಿಗೆ ಬಂದಳು. ದೊಡ್ಡತಾಯಮ್ಮ ಕಾಫಿ ಬಗ್ಗಿಸಿ ಲೋಟ ಎತ್ತಿ ಕೊಡಲು ಬಂದಳು. ಲೋಟ ಬೆರಳುಗಳ ನಡುವಿನಿಂದ ಹಾಗೆಯೇ ಜಾರಿ ನೆಲಕ್ಕೆ ಬಿತ್ತು. ಜಾರಿದ್ದು ಗೊತ್ತೇ ಆಗದವಳಂತೆ ಖಾಲಿ ಕೈಯನ್ನು ಒಂದು ಗಳಿಗೆ ಮುಂದೆ ಚಾಚಿಕೊಂಡೇ ಇದ್ದಳು.

"ಅವ್ವ?"

"ಏನಿಲ್ಲ ಕಣ. ರಾತ್ರೆ ಈ ಮಗ್ಗುಲಾಗೇ ಮನಗಿದ್ದೆ. ಕೈ ಜೋಮು ಇಡ್ದದೆ." ಮಾತು ಎಂದಿಗಿಂತ ಸ್ವಲ್ಪ ದಪ್ಪನಾಗಿ ಕೇಳಿಸಿತು. ಎಡಗೈಯಿಂದ ಬಲಗೈಯನ್ನು ಉಜ್ಜಿಕೊಳ್ಳುತ್ತ, "ಕಾಫಿ ಚೆಲ್ಲೋದ್ರೆ ಒಳ್ಳೇದು. ಓಗು, ಬಸ್ ಬತ್ತದೆ" ಎಂದಳು.

ದೂರದಲ್ಲಿ ಬಸ್ಸಿನ ಹಾರನ್ ಕೇಳಿಸಿತು. ವಾಣಿಶ್ರೀ ಹೊಸ್ತಿಲ ಮೇಲೆ ನಿಂತಿದ್ದಳು. ಅಪ್ಪನನ್ನು ಕೂಗಬೇಕೆಂಬ ಯೋಚನೆ ಬಂತು. ಕೂಗಿದರೆ ಮಾತು ಬೆಳೆಯುತ್ತದೆ, ಬಸ್ಸು ಹೋಗುತ್ತದೆ ಎಂಬ ಯೋಚನೆಯೂ ಬಂತು. ಬಗ್ಗಿ ಅವ್ವನ ಕಾಲು ಮುಟ್ಟಿದಳು. ಅವ್ವ ಎಡಗೈಯನ್ನು ಅವಳ ತಲೆಯ ಮೇಲಿಟ್ಟಳು. ಬಸ್ಸು ಸಿಕ್ಕಿತು.

ಸಂಜೆ ಬೆಂಗಳೂರಿನಿಂದ ಫೋನು ಮಾಡಿದಾಗ ಚಲುವಯ್ಯ ಎತ್ತಿಕೊಂಡ. ಅವನ ಹಿಂದೆ ಬಹಳ ಜನರ ಗದ್ದಲ ಕೇಳಿಸುತ್ತಿತ್ತು.

"ಮುಟ್ಟಿದ್ರಾ ಮಗ? ಉಂಡ್ರಾ?"

"ಉಂಡೋ. ಅವ್ವ ಎಲ್ಲಪ್ಪ? ಕೊಡು ವಸಿ."

"ಅವ್ವ ಮನಿಕ್ಕಂಡವ್ಳೆ ಕಣ್ ಮಗ. ನೀನೂ ಮನೀಕೊ. ಬೆಳಿಗ್ಗೆ ಓಡ್ಬೇಕಲ್ಲ."

ದೀಪ ಹಚ್ಚುವ ಹೊತ್ತಿನಲ್ಲಿ ಅವ್ವ ಮಲಗುವವಳಲ್ಲ. ಅದು ವಾಣಿಶ್ರೀಗೆ ಗೊತ್ತಿತ್ತು. ಇನ್ನೊಂದು ಮಾತು ಕೇಳಿದ್ದರೆ ಅಪ್ಪ ಹೇಳಿಬಿಡುತ್ತಿದ್ದನೇನೋ. ಅವನ ದನಿ ಆ ಅಂಚಿನಲ್ಲೇ ನಿಂತಿತ್ತು. ಅವಳು ಕೇಳಲಿಲ್ಲ. "ಆಯ್ತಪ್ಪ" ಎಂದು ಫೋನಿಟ್ಟು ಜಿಕ್ರಾಳ ಪಕ್ಕ ಮಲಗಿದಳು. ಚೆನ್ನಾಗಿ ನಿದ್ದೆ ಬಂತು.

ಬೆಳಿಗ್ಗೆ ಮಂಜಿನಲ್ಲಿ ಓಡಿದರು. ವಾಣಿಶ್ರೀಗೆ ಆ ಓಟದಲ್ಲಿ ನೆನಪಿಟ್ಟುಕೊಳ್ಳುವಂಥದ್ದು ಏನೂ ನಡೆಯಲಿಲ್ಲ. ಎಲ್ಲೂ ಎಡವಲಿಲ್ಲ, ಎಲ್ಲೂ ಉಸಿರು ಕಟ್ಟಲಿಲ್ಲ. ಶೀಟಿ ಊದುವುದಕ್ಕೆ ಬಹಳ ಮೊದಲೇ ಗೆರೆ ದಾಟಿದ್ದಳು. ಜಿಕ್ರಾ ಕೂಡ ಅವಳ ಹಿಂದೆಯೇ ದಾಟಿದಳು. ಇಬ್ಬರೂ ಅಪ್ಪಿಕೊಂಡು ಅತ್ತರು. ಗೇಟಿನ ಹೊರಗೆ ಕಾಯುತ್ತಿದ್ದ ಇಸಾಕ್ ಸಾಬರು ಮಗಳ ತಲೆ ಸವರಿ, ಆಮೇಲೆ ವಾಣಿಶ್ರೀಯ ತಲೆಯ ಮೇಲೂ ಕೈಯಿಟ್ಟರು. ಆ ಕೈ ಅಲ್ಲೇ ಸ್ವಲ್ಪ ಹೊತ್ತು ನಿಂತಿತು.

"ಬೇಟಾ, ನಿಮ್ಮಪ್ಪ ನಂಗೆ ಫೋನ್ ಮಾಡಿದ್ರು, ರಾತ್ರಿನೇ. ಓಡೋ ತಂಕ ಹೇಳ್ಬೇಡಿ ಅಂದ್ರು. ಸೀದಾ ಮೈಸೂರಿಗೆ ಹೋಗೋಣ."

ಮೈಸೂರಿನ ದೊಡ್ಡಾಸ್ಪತ್ರೆಯ ವಾರ್ಡಿನಲ್ಲಿ ದೊಡ್ಡತಾಯಮ್ಮ ಕಬ್ಬಿಣದ ಮಂಚದ ಮೇಲೆ ಮಲಗಿದ್ದಳು. ಬಾಯಿಯ ಒಂದು ತುದಿ ಕೆಳಕ್ಕೆ ಜಗ್ಗಿತ್ತು. ಮಧ್ಯಾಹ್ನ ಗಳದಿಂದ ಇಳಿದವಳು ಬ್ಯಾರನ್ನಿನ ಗೋಡೆಗೆ ಒರಗಿ ಕೂತಿದ್ದಳಂತೆ. ಸುಧಾರಿಸಿಕೊಳ್ಳುತ್ತಿದ್ದಾಳೆಂದು ಎಲ್ಲರೂ ತಮ್ಮ ಪಾಡಿಗೆ ಸೊಪ್ಪು ಕಟ್ಟುತ್ತಿದ್ದರಂತೆ. ಎಷ್ಟು ಹೊತ್ತಾದರೂ ಏಳದ್ದನ್ನು ನೋಡಿ ಪುಟ್ಟಮಾದಮ್ಮ ಹತ್ತಿರ ಹೋಗಿ ಅಲುಗಿಸಿದಾಗಲೇ ಗೊತ್ತಾದದ್ದು. ಆಂಬುಲೆನ್ಸು ಬಿಳಿಕೆರೆ ದಾಟುವ ತನಕ ಮಾತಿತ್ತು, ಎಂದ ಚಲುವಯ್ಯ. "ಕೂಸ್ಗೆ ಏಳ್ಬ್ಯಾಡಿ, ಓಡ್ಲಿ ಅಂದ್ಲು. ಅದೇ ಕಡೇದು."

ಒಬ್ಬರು ಡಾಕ್ಟರು ಬಂದರು. ಚಿಕ್ಕ ವಯಸ್ಸು, ದಣಿದ ಮುಖ. "ಬೆಳಿಗ್ಗೆ ಎದ್ದಾಗ ಏನಾದ್ರೂ ಗೊತ್ತಾಗಿತ್ತಾ? ಕೈಯಲ್ಲಿ ಬಲ ಇಲ್ದಂಗೆ, ಮಾತು ತೊದಲಿದಂಗೆ? ಆಗ್ಲೇ ಕರ್ಕೊಂಡು ಬಂದಿದ್ರೆ ಕೊಡೋ ಇಂಜೆಕ್ಷನ್ನೇ ಬೇರೆ ಇತ್ತು."

"ಏನೂ ಇರ‍್ನಿಲ್ಲ ಸಾ. ಚೆಂದಾಗೇ ಇದ್ಲು" ಎಂದ ಚಲುವಯ್ಯ.

ಡಾಕ್ಟರು ವಾಣಿಶ್ರೀಯ ಕಡೆಗೂ ನೋಡಿದರು. ಅವಳು ಮಂಚದ ಕಬ್ಬಿಣ ಹಿಡಿದು ನಿಂತಿದ್ದಳು. ಓಡಿದ್ದ ಬೂಟು ಇನ್ನೂ ಕಾಲಲ್ಲೇ ಇತ್ತು. ಕ್ಯಾಂಪಿನ ಕೆಂಪು ಮಣ್ಣು ಆಸ್ಪತ್ರೆಯ ನೆಲದ ಮೇಲೆ ಉದುರಿತ್ತು. ಅವಳು ಅದನ್ನು ಬೂಟಿನ ತುದಿಯಿಂದ ಮಂಚದ ಕೆಳಕ್ಕೆ ಸರಿಸಿದಳು. ಡಾಕ್ಟರು ಕೇಸ್ ಶೀಟಿನಲ್ಲಿ ಏನೋ ಬರೆದು ಪಕ್ಕದ ಮಂಚಕ್ಕೆ ಹೋದರು.

ದೀಪಾವಳಿಗೆ ಮುಂಚೆ ಮನೆಗೆ ಕರೆದುಕೊಂಡು ಬಂದರು. ಬಲಗೈ ಬಲಗಾಲು ಸ್ವಾಧೀನಕ್ಕೆ ಬರಲಿಲ್ಲ. ಮಾತಿನ ಬದಲು ಒಂದು ಸದ್ದು ಉಳಿದಿತ್ತು. ಸಿಟ್ಟಿಗೆ, ಹಸಿವಿಗೆ, ಬೇಡ ಎನ್ನುವುದಕ್ಕೆ ಎಲ್ಲಕ್ಕೂ ಅದೇ ಸದ್ದು. ವಾಣಿಶ್ರೀ ದಿನವೂ ಅವ್ವನ ಕೈಯನ್ನು ಮಡಿಸಿ ಬಿಡಿಸಿ, ಕಾಲನ್ನು ಎತ್ತಿ ಇಳಿಸಿ ಮಾಡಿಸುತ್ತಿದ್ದಳು. ಬಟ್ಟೆ ಬದಲಿಸುವುದು, ತಲೆ ಬಾಚುವುದು, ಗಂಜಿ ಕುಡಿಸುವುದು, ಯಾವುದನ್ನೂ ಇನ್ನೊಬ್ಬರಿಗೆ ಬಿಡುತ್ತಿರಲಿಲ್ಲ. ಉಳಿದ ಸೊಪ್ಪನ್ನು ಊರವರೇ ಕೂಡಿಕೊಂಡು ಮುರಿದು ಬೇಯಿಸಿಕೊಟ್ಟರು. ನಟರಾಜು ಸಾರ್ ಒಂದು ದಿನ ಕಿತ್ತಳೆಹಣ್ಣು ಹಿಡಿದುಕೊಂಡು ಬಂದರು. ಜಗಲಿಯ ಮೇಲೆ ಕೂತು ಬಹಳ ಹೊತ್ತು ಕೈ ಬೆರಳುಗಳನ್ನೇ ನೋಡಿಕೊಂಡರು. ವಾಣಿಶ್ರೀ ಕೊಟ್ಟ ಕಾಫಿಯನ್ನು ಅರ್ಧ ಕುಡಿದು, "ಬತ್ತೀನಮ್ಮ" ಎಂದು ದೊಡ್ಡತಾಯಮ್ಮನಿಗೆ ಕೈ ಮುಗಿದು ಹೋದರು. ಆಮೇಲೆ ಮೈದಾನಕ್ಕೆ ಬರುವ ಹುಡುಗಿಯರನ್ನು, ಮನೆಯಲ್ಲಿ ನಿನ್ನ ಕೆಲಸ ಯಾರು ಮಾಡುತ್ತಾರೆ ಎಂದು ಅವರು ಮೊದಲು ಕೇಳುತ್ತಿದ್ದರೆಂದು ಜಿಕ್ರಾ ಹೇಳುತ್ತಿದ್ದಳು.

ಒಂದು ರಾತ್ರಿಯೂಟದ ಹೊತ್ತು ವಾಣಿಶ್ರೀಗೆ ತಡೆಯಲಾಗಲಿಲ್ಲ. ಅಪ್ಪ ತಟ್ಟೆಯ ಮುಂದೆ ಕೂತಿದ್ದ. ಅವ್ವ ಗೋಡೆಗೊರಗಿದ್ದಳು.

"ಅಪ್ಪ, ನಾನು ಹೊರಟ ದಿನ ಬೆಳಿಗ್ಗೆ, ಅಡಿಗೆಮನೇಲಿ..."

ದೊಡ್ಡತಾಯಮ್ಮ ಗಂಟಲಿನಿಂದ ಆ ಸದ್ದು ಹೊರಡಿಸಿದಳು. ಎಡಗೈಯಿಂದ ತಟ್ಟೆಯನ್ನು ನೆಲಕ್ಕೆ ಬಡಿದಳು. ಅನ್ನ ಚೆಲ್ಲಿತು. "ನೀರ್ ಬೇಕಾ? ಏನು, ಖಾರ ಆಯ್ತಾ?" ಎಂದು ಚಲುವಯ್ಯ ಗಾಬರಿಯಿಂದ ಎದ್ದು ಚೊಂಬು ತರಲು ಹೋದ. ಅವ್ವನ ಕಣ್ಣುಗಳು ಮಗಳ ಮೇಲೇ ಇದ್ದವು. ತಲೆ ಎರಡು ಸಲ ಅತ್ತಿತ್ತ ಆಡಿತು. ಅಪ್ಪ ನೀರು ತಂದ. ಅವ್ವ ಕುಡಿದಳು. ವಾಣಿಶ್ರೀ ಚೆಲ್ಲಿದ ಅನ್ನವನ್ನು ಒಟ್ಟುಮಾಡಿದಳು. ಆ ಮಾತನ್ನು ಅವಳು ಮತ್ತೆ ಯಾವತ್ತೂ ಎತ್ತಲಿಲ್ಲ. ಅದು ಅವಳ ಪಾಲಿಗೇ ಉಳಿಯಿತು.

ಮೆಡಿಕಲ್ಲೂ ಮುಗಿದು, ಸಂಕ್ರಾಂತಿ ಕಳೆದ ಮೇಲೆ ಆರ್ಡರು ಬಂತು. ಟ್ರೈನಿಂಗು ಉತ್ತರದಲ್ಲೆಲ್ಲೋ. ಅವಳು ಹೋಗುವುದಿಲ್ಲ ಎಂದಳು. ಚಲುವಯ್ಯ ವಾದ ಮಾಡಲಿಲ್ಲ. ಹುಣಸೂರಿಗೆ ಹೋಗಿ ಒಂದು ಕಬ್ಬಿಣದ ಟ್ರಂಕು ತಂದು ದೊಡ್ಡತಾಯಮ್ಮನ ಮಂಚದ ಪಕ್ಕ ಇಟ್ಟ. ದೊಡ್ಡತಾಯಮ್ಮ ಎಡಗೈಯಿಂದ ಅದರ ಮುಚ್ಚಳ ತಡವಿ ನೋಡಿ, ಮಗಳ ಕಡೆ ತಿರುಗಿ, ಆ ಸದ್ದು ಮಾಡಿದಳು. ಕೆ.ಆರ್. ನಗರದಿಂದ ಅಪ್ಪನ ತಂಗಿ ರಾಚಮ್ಮ ಬಂದು ಇರುವುದೆಂದು ಮಾತಾಯಿತು.

ಹೊರಡಲು ಎರಡು ದಿನವಿದ್ದಾಗ ಮನೆಯಲ್ಲಿ ಕಡೆಯ ಸೊಪ್ಪನ್ನು ಬಣ್ಣ ನೋಡಿ ಬೇರೆ ಮಾಡುವ ಕೆಲಸ ನಡೆದಿತ್ತು. ಕಟ್ಟೆಮಳಲವಾಡಿಯ ಹರಾಜು ಕಟ್ಟೆಗೆ ಅವತ್ತು ಒತ್ತಿ ಕಟ್ಟಿದ ಸೊಪ್ಪಿನ ಬೇಲು ಹೋಗಬೇಕು. ನಡುಮನೆಯ ತುಂಬ ಬೆಂದ ಎಲೆಗಳ ಸಿಹಿ ವಾಸನೆ. ಬಾಗಿಲಿಂದ ಬಿದ್ದ ಬಿಸಿಲಿನಲ್ಲಿ ವಾಣಿಶ್ರೀ ಅವ್ವನನ್ನು ಗೋಡೆಗೆ ಒರಗಿಸಿ ಕೂರಿಸಿ, ತಾನೂ ಪಕ್ಕದಲ್ಲೇ ಕೂತು ಎಲೆ ಬಿಡಿಸುತ್ತಿದ್ದಳು. ದೊಡ್ಡತಾಯಮ್ಮ ಎಡಗೈಯಿಂದ ಒಂದೊಂದೇ ಎಲೆ ತೆಗೆದು, ಬಿಸಿಲಿಗೆ ಹಿಡಿದು, ಹಳದಿಯದ್ದನ್ನು ಒಂದು ಕಡೆ, ಕಂದಿದ್ದನ್ನು ಇನ್ನೊಂದು ಕಡೆ ಹಾಕತೊಡಗಿದಳು. ಯಾರೂ ಹೇಳಿರಲಿಲ್ಲ. ಯಾರೂ ಬೇಡವೆನ್ನಲೂ ಇಲ್ಲ. ತಾಯಿ ಮಗಳು ಹಾಗೆಯೇ ಬಹಳ ಹೊತ್ತು ಕೆಲಸ ಮಾಡಿದರು.

ಹೊರಗೆ ಬೇಲು ಸಾಗಿಸುವ ಟೆಂಪೋ ಬಂದು ನಿಂತಿತು. ಎಂಜಿನ್ ಗುರುಗುಟ್ಟುತ್ತಲೇ ಇತ್ತು. ಡ್ರೈವರು ಒಂದು ಸಲ ಹಾರನ್ ಹೊಡೆದ. ವಾಣಿಶ್ರೀ ಏಳಲು ಹೋದಳು. ಆಗಲೇ ಅವಳ ಹೆಗಲ ಮೇಲೆ ಭಾರ ಬಿತ್ತು. ಅವ್ವನ ತಲೆ ವಾಲಿಕೊಂಡಿತ್ತು. ಕೈಯಲ್ಲಿ ಹಿಡಿದಿದ್ದ ಎಲೆ ಹಾಗೆಯೇ ಇತ್ತು. ಉಸಿರು ನೀಳವಾಗಿ, ಸಮವಾಗಿ ಬರುತ್ತಿತ್ತು. ವಾಣಿಶ್ರೀ ಎದ್ದೇಳುವುದನ್ನು ಬಿಟ್ಟು, ಆ ತಲೆ ಜಾರದ ಹಾಗೆ ಹೆಗಲನ್ನು ಸ್ವಲ್ಪ ತಗ್ಗಿಸಿ ಕೂತಳು.

ಚಲುವಯ್ಯ ಬೇಲು ಹೊರಲು ಒಳಗೆ ಬಂದವನು ಬಾಗಿಲಲ್ಲೇ ನಿಂತ. ಇಬ್ಬರನ್ನೂ ನೋಡಿದ. ಬಂದ ಹಾಗೆಯೇ ಸದ್ದಿಲ್ಲದೆ ಹಿಂದಕ್ಕೆ ಹೆಜ್ಜೆಯಿಟ್ಟು ಅಂಗಳಕ್ಕಿಳಿದ.

"ವಸಿ ತಡಿ ಕಣಪ್ಪ" ಎನ್ನುವುದು ಕೇಳಿಸಿತು. ಆಮೇಲೆ ಟೆಂಪೋದ ಎಂಜಿನ್ ನಿಂತಿತು.